ಅಧ್ಯಕ್ಷರ ಹಣೆಗೆ ಸಂಬಂಧಿಸಿದ ಉಪವಿಧಿ

ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ಹಿರಿಯ ನಾಗರಿಕರ ಸಂಯುಕ್ತ ಹಿತರಕ್ಷಣಾ ಸಂಘದಲ್ಲಿ ಯಾವ ವಿಷಯವನ್ನೂ ಮತಕ್ಕೆ ಹಾಕುವ ಪದ್ಧತಿಯಿಲ್ಲ. ಅದನ್ನು ಅಧ್ಯಕ್ಷರ ಹಣೆಯ ಮುಂದೆ ಇಡಲಾಗುತ್ತದೆ. ಉಪವಿಧಿ ಹದಿನಾಲ್ಕರ ಪ್ರಕಾರ, ಹಣೆಯಲ್ಲಿ ಮೂರು ಗೆರೆ ಮೂಡಿದರೆ ವಿಷಯವನ್ನು ಕೈಬಿಡತಕ್ಕದ್ದು. ಎರಡು ಮೂಡಿದರೆ ಮುಂದಿನ ತಿಂಗಳಿಗೆ ಹಾಕತಕ್ಕದ್ದು. ಹಣೆ ಸಮತಟ್ಟಾಗಿದ್ದರೆ ಸರ್ವಾನುಮತದಿಂದ ಅಂಗೀಕಾರವಾಯಿತೆಂದು ಬರೆದುಕೊಳ್ಳತಕ್ಕದ್ದು. ಬಾಯಿಮಾತಿನ ಅಭಿಪ್ರಾಯಕ್ಕೆ ಉಪವಿಧಿಯಲ್ಲಿ ಜಾಗವಿಲ್ಲ. ಎಪ್ಪತ್ತೆರಡು ಮಂದಿ ಹಿರಿಯರಿರುವಲ್ಲಿ ಬಾಯಿಮಾತನ್ನು ಪರಿಗಣಿಸುತ್ತಾ ಕೂತರೆ ಸಭೆ ಮುಗಿಯುವುದಿಲ್ಲ ಎಂಬುದು ಸಂಘದ ಉದ್ಘಾಟನೆಯ ದಿನವೇ ತಿಳಿದುಬಂದಿತ್ತು. ಆ ಉದ್ಘಾಟನೆ ಎರಡು ದಿನ ನಡೆಯಿತು.

ಹಣೆ ಅನ್ನಪೂರ್ಣೇಶ್ವರಿಯವರದು. ಮೂವತ್ನಾಲ್ಕು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಮೊದಲನೆಯ ಗೆರೆ ಮಗ್ಗಿ ತಪ್ಪಿದ ಮಕ್ಕಳಿಂದ ಬಂದದ್ದು, ಎರಡನೆಯದು ಆ ಮಕ್ಕಳ ಪರವಾಗಿ ವಾದಿಸಲು ಬಂದ ತಂದೆತಾಯಿಗಳಿಂದ, ಮೂರನೆಯದು ಪೂರ್ತಿಯಾಗಿ ಇಲಾಖೆಯ ಸುತ್ತೋಲೆಗಳಿಂದ. ಅವರು ಪೇಟೆಗೆ ಬಂದರೆ ಐವತ್ತು ದಾಟಿದ ಗಂಡಸರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ತರಕಾರಿ ಅಂಗಡಿಯ ಮುಂದೆ ನಡೆಯುತ್ತಿದ್ದ ಮಾತು ಅವರು ಹತ್ತಿರ ಬಂದಂತೆ ನಿಂತುಹೋಗುತ್ತಿತ್ತು. ಬಹಳ ವರ್ಷ ಅವರು ಅದನ್ನು ಗೌರವವೆಂದೇ ತಿಳಿದಿದ್ದರು. ಈಚೆಗೆ ಮಾತ್ರ, ಅಂಗಡಿಯಿಂದ ಹತ್ತು ಹೆಜ್ಜೆ ದಾಟಿದ ಮೇಲೆ ಹಿಂದಿನಿಂದ ನಗು ಕೇಳಿದಾಗ, ಅದೇನು ಜೋಕಿರಬಹುದು ಎಂದು ಮನೆಯವರೆಗೂ ಯೋಚಿಸುತ್ತಿದ್ದರು.

ಸಂಘದ ಕಾರ್ಯದರ್ಶಿ ಮೇಗುಂದದ ಯಜ್ಞೇಶರು. ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಸಭೆಯ ನಡಾವಳಿಯನ್ನು ಸಭೆಯ ಹಿಂದಿನ ದಿನವೇ ಬರೆದಿಟ್ಟು, ಹಣೆಯ ಗೆರೆಗಳ ಸಂಖ್ಯೆಗೆ ಮಾತ್ರ ಜಾಗ ಬಿಡುವಷ್ಟು ಶಿಸ್ತಿನ ಮನುಷ್ಯ.

ಕೊಪ್ಪದಲ್ಲಿ ಡಾಕ್ಟರ್ ಶ್ರೀರಕ್ಷಾ ಎಂಬವರು ಚರ್ಮದ ಕ್ಲಿನಿಕ್ ತೆರೆದು, ಗುರುವಾರ ಗುರುವಾರ ಸುಕ್ಕಿನ ಇಂಜೆಕ್ಷನ್ ಕೊಡಲಾಗುವುದೆಂದು ಬೋರ್ಡು ಹಾಕಿದಾಗ ಸಂಘ ತುರ್ತು ಸಭೆ ಸೇರಿತು. ಜನ ಮುದುಕರಾಗುವುದನ್ನೇ ನಿಲ್ಲಿಸಿದರೆ ಮುಂದೆ ಸದಸ್ಯರನ್ನು ಎಲ್ಲಿಂದ ತರುವುದು ಎಂದು ಯಜ್ಞೇಶರು ಕೇಳಿದರು. ಆದ್ದರಿಂದ ‘ಸುಕ್ಕೇ ಸೊಬಗು’ ಎಂಬ ಅಭಿಯಾನ ಕೈಗೊಳ್ಳುವುದೆಂದೂ, ಬಸ್ ಸ್ಟ್ಯಾಂಡಿನ ಎದುರು ಅಧ್ಯಕ್ಷರ ಮುಖವಿರುವ ಹನ್ನೆರಡು ಅಡಿ ಎತ್ತರದ ಫ್ಲೆಕ್ಸ್ ನಿಲ್ಲಿಸುವುದೆಂದೂ ತೀರ್ಮಾನವಾಯಿತು. ಅಭಿಯಾನ ಸತ್ಯಕ್ಕೆ ಸಂಬಂಧಿಸಿದ್ದಾದ ಕಾರಣ, ಫೋಟೋವನ್ನು ಕಂಪ್ಯೂಟರಿನಲ್ಲಿ ಯಾವ ರೀತಿಯಲ್ಲೂ ತಿದ್ದತಕ್ಕದ್ದಲ್ಲ ಎಂಬ ಷರತ್ತನ್ನು ಯಜ್ಞೇಶರು ಸೇರಿಸಿದರು. ಹಣೆ ಸಮತಟ್ಟಾಗಿತ್ತು.

ಫ್ಲೆಕ್ಸ್ ಅಂಗಡಿಯ ಮುಸವ್ವಿರ್ ಅನ್ನಪೂರ್ಣೇಶ್ವರಿಯವರ ಹಳೆಯ ವಿದ್ಯಾರ್ಥಿ. ಇಪ್ಪತ್ತು ವರ್ಷದ ವ್ಯವಹಾರದಲ್ಲಿ ಒಂದು ಮುಖವನ್ನೂ ಅದು ಇದ್ದ ಹಾಗೆ ಛಾಪಿಸಿದವನಲ್ಲ. ಅವನು ಫೋಟೋ ತೆಗೆದು, ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದ. ಅನ್ನಪೂರ್ಣೇಶ್ವರಿಯವರು ನೋಡಿದರು. ನೋಡಿದ ಕೂಡಲೇ ತಾವೇ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ತಾವು ಏನೋ ತಪ್ಪು ಮಾಡಿದ್ದೇವೆ, ಪರದೆಯ ಮೇಲಿನ ಟೀಚರು ಈಗ ಹೆಸರು ಹಿಡಿದು ಕರೆಯುತ್ತಾರೆ ಎಂದು ಅನ್ನಿಸಿತು.

“ತೆಗೀಲಾ ಟೀಚರೇ?” ಎಂದ ಮುಸವ್ವಿರ್, ಮೌಸನ್ನು ಮೂರು ಗೆರೆಗಳ ಮೇಲೆ ಹಗುರವಾಗಿ ಓಡಿಸುತ್ತಾ. “ಯಾರಿಗೂ ಗೊತ್ತಾಗಲ್ಲ.”

ಷರತ್ತಿದೆ ಎಂದರು ಅವರು. ಆದರೆ ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನಡಾವಳಿಯ ಪ್ರತಿಯನ್ನು ತೆಗೆದು ಮತ್ತೊಮ್ಮೆ ಓದಿದರು. ಫೋಟೋವನ್ನು ತಿದ್ದಬಾರದು ಎಂದಿತ್ತು. ಮುಖವನ್ನು ತಿದ್ದಬಾರದು ಎಂದು ಎಲ್ಲಿಯೂ ಇರಲಿಲ್ಲ. ಮೂವತ್ನಾಲ್ಕು ವರ್ಷ ಸುತ್ತೋಲೆ ಓದಿದವರಿಗೆ, ಬರೆಯದೆ ಬಿಟ್ಟದ್ದಕ್ಕೆಲ್ಲ ಅನುಮತಿ ಇದೆ ಎಂಬುದು ಗೊತ್ತಿರುತ್ತದೆ. ಅಂದು ಗುರುವಾರ.

ಯಾವ ಮಟ್ಟದ ಬದಲಾವಣೆ ಬೇಕು ಎಂದು ಡಾಕ್ಟರ್ ಶ್ರೀರಕ್ಷಾ ಕೇಳಿದಾಗ ಅನ್ನಪೂರ್ಣೇಶ್ವರಿಯವರು, “ಹನ್ನೆರಡು ಅಡಿ” ಎಂದರು. ಇಂಜೆಕ್ಷನ್ನಿನಿಂದ ಹಣೆಯ ಸ್ನಾಯು ಸುಮಾರು ನಾಲ್ಕು ತಿಂಗಳು ಮಲಗಿರುತ್ತದೆ, ಆಮೇಲೆ ತಾನಾಗಿ ಏಳುತ್ತದೆ ಎಂದು ಡಾಕ್ಟರ್ ವಿವರಿಸಿದರು.

“ಅಷ್ಟು ದಿನ ನಿಮಗೆ ಸಿಟ್ಟು ಬರತ್ತೆ ಅಮ್ಮ. ಆದ್ರೆ ಹಣೆ ಮೇಲೆ ಕಾಣಲ್ಲ.”

ನಾಲ್ಕು ಗಂಟೆ ತಲೆ ತಗ್ಗಿಸಬಾರದು ಎಂಬ ಸೂಚನೆಯೂ ಇತ್ತು. ಹಾಗಾಗಿ ಮನೆಗೆ ಹೋಗುವ ದಾರಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಕಾಲಿಗೆ ಬಿದ್ದಾಗ ಅವರು ಎದುರಿನ ಲೈಟು ಕಂಬವನ್ನು ನೋಡುತ್ತಲೇ ಆಶೀರ್ವಾದ ಮಾಡಬೇಕಾಯಿತು.

ಹತ್ತು ದಿನದಲ್ಲಿ ಹಣೆ ಒರೆಸಿಟ್ಟ ಸ್ಲೇಟಿನಂತಾಯಿತು. ಹೊಸ ಫೋಟೋ ತೆಗೆದು, ಏನೂ ತಿದ್ದದೆ, ಫ್ಲೆಕ್ಸ್ ನಿಲ್ಲಿಸಲಾಯಿತು. ‘ಸುಕ್ಕೇ ಸೊಬಗು. ಇದ್ದ ಹಾಗೇ ಇರೋಣ’ ಎಂಬ ಅಕ್ಷರಗಳ ಕೆಳಗೆ ಅವರ ಮುಖ ಪಳಪಳ ಹೊಳೆಯುತ್ತಿತ್ತು. ಬಸ್ಸಿಗೆ ಕಾಯುವವರು ಫ್ಲೆಕ್ಸಿನ ಬುಡದಲ್ಲಿ ನಿಂತು ಸುಕ್ಕು ಎಲ್ಲಿದೆ ಎಂದು ಹುಡುಕಿದರು. ಸಿಕ್ಕದೆ ಹೋದಾಗ, ಸಂಘಕ್ಕೆ ಸೇರಿದರೆ ಹೀಗಾಗುತ್ತದೆ ಎಂದು ಅರ್ಥ ಮಾಡಿಕೊಂಡರು. ಒಂದೇ ವಾರದಲ್ಲಿ ಸದಸ್ಯತ್ವಕ್ಕೆ ಇಪ್ಪತ್ತಾರು ಅರ್ಜಿಗಳು ಬಂದವು. ಕ್ಲಿನಿಕ್ಕು ಮಂಗಳವಾರವೂ ತೆರೆಯಬೇಕಾಯಿತು. ಎರಡನ್ನೂ ಯಜ್ಞೇಶರು ಅಭಿಯಾನದ ಯಶಸ್ಸು ಎಂಬ ಶೀರ್ಷಿಕೆಯಡಿ ದಾಖಲಿಸಿದರು.

ತರಕಾರಿ ಅಂಗಡಿಯ ಮುಂದೆ ಈಗ ಮಾತು ನಿಲ್ಲುತ್ತಿರಲಿಲ್ಲ. ಜೋಕು ಏನೆಂದು ಕೊನೆಗೂ ತಿಳಿಯಿತು. ಅಷ್ಟೇನೂ ಚೆನ್ನಾಗಿರಲಿಲ್ಲ, ಆದರೂ ಅನ್ನಪೂರ್ಣೇಶ್ವರಿಯವರು ಮನೆಗೆ ಬಂದು ಅದನ್ನು ನೆನೆದು ಎರಡು ಸಲ ನಕ್ಕರು.

ಇನ್ನೂ ದೊಡ್ಡ ಬದಲಾವಣೆಯಾದದ್ದು ಸಂಘದ ವಾಚನಾಲಯದಲ್ಲಿ. ವಾರಕ್ಕೆ ಮೂರು ಮಧ್ಯಾಹ್ನ ಅಲ್ಲಿ ಅವರು ಹನ್ನೊಂದು ಮಂದಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದರು. ಎಲ್ಲರೂ ಅರವತ್ತು ದಾಟಿದವರು. ನರಸಿಂಹರಾಜಪುರದಲ್ಲಿ ಬಳೆ ಅಂಗಡಿ ನಡೆಸುವ ರಹೀಮುನ್ನೀಸಾ ಅದಕ್ಕಾಗಿಯೇ ಬಸ್ಸು ಹತ್ತಿ ಬರುತ್ತಿದ್ದರು. ಬಸ್ಸಿನ ಬೋರ್ಡನ್ನು ಯಾರನ್ನೂ ಕೇಳದೆ ತಾವೇ ಓದಬೇಕೆಂಬುದು ಅವರ ಹಟ. ಇಷ್ಟು ದಿನ ಹನ್ನೊಂದೂ ಜನ ಸ್ಲೇಟನ್ನು ಎದೆಗವಚಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಈಗ ರಹೀಮುನ್ನೀಸಾ ‘ಳ’ ಅಕ್ಷರವನ್ನು ತಲೆಕೆಳಗಾಗಿ ಬರೆದು, ಟೀಚರ ಮುಖ ನೋಡಿ, “ಸಿಟ್ಟು ಬಂತಾ ಟೀಚರಮ್ಮ?” ಎಂದು ಕೇಳಿದರು.

“ಬಂದಿದೆ.”

ರಹೀಮುನ್ನೀಸಾ ಕನ್ನಡಕ ಏರಿಸಿಕೊಂಡು ಹತ್ತಿರ ಬಂದು ಹುಡುಕಿದರು. “ಎಲ್ಲಿ?”

ಅಂದು ಇಡೀ ತರಗತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಿತು. ಎರಡು ವರ್ಷದಲ್ಲಿ ಕಲಿಯದಷ್ಟನ್ನು ಮುಂದಿನ ಒಂದೇ ತಿಂಗಳಲ್ಲಿ ಕಲಿಯಿತು.

ಸಭೆಗಳು ಬೇರೆಯೇ ದಿಕ್ಕು ಹಿಡಿದವು. ಅಧ್ಯಕ್ಷರ ಹಣೆ ಯಾವುದಕ್ಕೂ ಅಲುಗಾಡುವುದಿಲ್ಲ ಎಂಬುದು ಸದಸ್ಯರ ಗಮನಕ್ಕೆ ಬರಲು ಇಪ್ಪತ್ತು ನಿಮಿಷ ಸಾಕಾಯಿತು. ಸಿರಿಮನೆ ಜಲಪಾತಕ್ಕೆ ವಾರ್ಷಿಕ ಅಧ್ಯಯನ ಪ್ರವಾಸವನ್ನು ವಾರಕ್ಕೊಮ್ಮೆ ನಡೆಸುವುದೆಂದು ತೀರ್ಮಾನವಾಯಿತು. ಹಿರೇಕೊಡಿಗೆಯ ಸದಸ್ಯರೊಬ್ಬರು ಸಂಘದ ಕೇರಂ ಬೋರ್ಡನ್ನು ಸುರಕ್ಷತೆಯ ದೃಷ್ಟಿಯಿಂದ ತಮ್ಮ ಮನೆಯಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳಲು ಅನುಮತಿ ಪಡೆದರು. ಕೂತಲ್ಲೇ ಭಾಗವಹಿಸಬಹುದಾದ ನಡಿಗೆ ಸ್ಪರ್ಧೆಗೆ ನಿಯಮಾವಳಿ ಸಿದ್ಧವಾಯಿತು. ಯಜ್ಞೇಶರ ಮನೆಯ ಜಗಲಿಯನ್ನು ಸಂಘದ ಶಾಖಾ ಕಚೇರಿಯೆಂದು ಘೋಷಿಸಿ, ಕಚೇರಿಗೆ ಸೂರು ಇರಬೇಕಾದ್ದರಿಂದ ಇಡೀ ಮನೆಯ ಹೆಂಚು ಬದಲಿಸಲು ಮಂಜೂರಾತಿ ದೊರೆಯಿತು. ಪ್ರತಿ ಸಲವೂ ಅನ್ನಪೂರ್ಣೇಶ್ವರಿಯವರು ಇದು ಬೇಡ ಎಂದು ಸ್ಪಷ್ಟವಾಗಿ ಹೇಳಿದರು. ಪ್ರತಿ ಸಲವೂ ಯಜ್ಞೇಶರು ಗೌರವದಿಂದ ಎದ್ದು ನಿಂತು ಅವರ ಹಣೆಯನ್ನು ಪರಿಶೀಲಿಸಿ, ಅಂಗೀಕಾರ ಎಂದು ಬರೆದುಕೊಂಡರು.

ಮೂರನೆಯ ತಿಂಗಳ ಸಭೆಯ ಕಾರ್ಯಸೂಚಿಯಲ್ಲಿ ಹೀಗಿತ್ತು: ಅಭಿಯಾನಕ್ಕೆ ದೊರೆತ ಅಪಾರ ಸ್ಪಂದನೆಯನ್ನು ಗಮನಿಸಿ, ವಾಚನಾಲಯವನ್ನು ತೆರವುಗೊಳಿಸಿ ಅಲ್ಲಿ ಸದಸ್ಯರಿಗೆ ಸುಕ್ಕು ನಿವಾರಣಾ ಇಂಜೆಕ್ಷನ್ ಶಿಬಿರವನ್ನು ಕಾಯಂ ಆಗಿ ನಡೆಸುವುದು. ಅಕ್ಷರ ಕಲಿಯುವ ಹೆಂಗಸರು ತಮ್ಮ ತಮ್ಮ ಮನೆಗಳಲ್ಲಿ ಅನಕ್ಷರಸ್ಥರಾಗಿಯೇ ಮುಂದುವರಿಯಬಹುದು.

ಕಾರ್ಯಸೂಚಿ ತಲುಪಿದ ಸಂಜೆ ಅನ್ನಪೂರ್ಣೇಶ್ವರಿಯವರು ಯಜ್ಞೇಶರಿಗೆ ಫೋನು ಮಾಡಿದರು. ರಹೀಮುನ್ನೀಸಾ ಒತ್ತಕ್ಷರಕ್ಕೆ ಬಂದಿದ್ದಾರೆ, ಇನ್ನು ಎರಡು ತಿಂಗಳು ಕೊಡಿ ಎಂದು ಕೇಳಿದರು.

“ನಂಗೂ ಬೇಜಾರಾಗತ್ತೆ ಮಾರಾಯ್ರೆ,” ಎಂದರು ಯಜ್ಞೇಶರು. “ಆದ್ರೆ ನಾನೆಂತ ಮಾಡ್ಲಿ? ಸಭೇಲಿ ನಿಮ್ಮ ಹಣೆ ಒಪ್ಕೊಂಡ್ಮೇಲೆ ನಾನೂ ನೀವೂ ಅದಕ್ಕೆ ಬದ್ಧರು.”

ಅನ್ನಪೂರ್ಣೇಶ್ವರಿಯವರು ಕನ್ನಡಿಯ ಮುಂದೆ ನಿಂತು ತಮಗೆ ಗೊತ್ತಿದ್ದ ಎಲ್ಲ ಸುತ್ತೋಲೆಗಳನ್ನೂ ನೆನಪು ಮಾಡಿಕೊಂಡರು. ಒಂದು ಗೆರೆಯೂ ಮೂಡಲಿಲ್ಲ. ಮರುದಿನ ಬೆಳಿಗ್ಗೆ ಮುಸವ್ವಿರನ ಅಂಗಡಿಗೆ ಹೋಗಿ, ಮೊದಲ ಫೋಟೋ ಇನ್ನೂ ಇದೆಯೇ ಎಂದು ಕೇಳಿದರು. ಇತ್ತು. ಹುಬ್ಬಿನಿಂದ ಮೇಲಿನ ಭಾಗವನ್ನಷ್ಟೇ ನಿಜವಾದ ಅಳತೆಯಲ್ಲಿ ಗಟ್ಟಿ ಬೋರ್ಡಿನ ಮೇಲೆ ಛಾಪಿಸಿ, ಕತ್ತರಿಸಿ, ಬೀಸಣಿಗೆಗೆ ಇರುವಂಥ ಒಂದು ಹಿಡಿ ಅಂಟಿಸಿ ಕೊಡಲು ಹೇಳಿದರು. ಮುಸವ್ವಿರ್ ಕೆಲಸ ಮುಗಿಸಿ, ಸರಿಯಾಗಿದೆಯೇ ಎಂದು ಅದನ್ನು ತನ್ನ ಹಣೆಗೆ ಹಿಡಿದು ತೋರಿಸಿದ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಎದ್ದು ನಿಂತರು.

ಸಭೆಯಲ್ಲಿ ವಾಚನಾಲಯದ ವಿಷಯ ಬಂದಾಗ ಅನ್ನಪೂರ್ಣೇಶ್ವರಿಯವರು ಕೈಚೀಲದಿಂದ ಹಣೆಯನ್ನು ತೆಗೆದು ಹಣೆಯ ಮೇಲೆ ಹಿಡಿದರು. ಮೂರು ಗೆರೆಗಳೂ ಸ್ಪಷ್ಟವಾಗಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಗುಂಡಿ ಹಾಕಿಕೊಂಡರು. ಯಜ್ಞೇಶರು ಉಪವಿಧಿಯನ್ನು ಎರಡು ಸಲ ಓದಿದರು. ಗೆರೆ ‘ಹಣೆಯಲ್ಲಿ ಮೂಡಿದರೆ’ ಎಂದಿತ್ತೇ ಹೊರತು, ಹಣೆ ತಲೆಗೆ ಅಂಟಿಕೊಂಡಿರಬೇಕು ಎಂದಿರಲಿಲ್ಲ. ವಿಷಯವನ್ನು ಕೈಬಿಡಲಾಯಿತು. ಅದೇ ಹಣೆಯಿಂದ ಹೆಂಚಿನ ಮಂಜೂರಾತಿಯೂ ರದ್ದಾಯಿತು. ಆದರೆ ಹಳೆಯ ಹೆಂಚು ಆಗಲೇ ಇಳಿದಿತ್ತು. ಯಜ್ಞೇಶರು ತಮ್ಮ ಕೈಯಿಂದಲೇ ರದ್ದು ಎಂದು ಬರೆದು, ಅದರ ಕೆಳಗೆ ಗೆರೆ ಎಳೆದು, ಬೋರ್ಡಿನ ಹಿಂಬದಿಗೆ ಸಂಘದ ಸೀಲು ಒತ್ತಿದರು.

ನಾಲ್ಕು ತಿಂಗಳು ಕಳೆದು ಸ್ನಾಯು ಎದ್ದಿತು. ಆ ತಿಂಗಳ ಸಭೆಯಲ್ಲಿ ಯಾರದೋ ಹೊಸ ಕೋರಿಕೆಗೆ ಅನ್ನಪೂರ್ಣೇಶ್ವರಿಯವರ ಸ್ವಂತ ಹಣೆಯೇ ಗಂಟಿಕ್ಕಿತು. ಯಜ್ಞೇಶರು ಬಗ್ಗಿ ನೋಡಿ ತಲೆಯಾಡಿಸಿದರು.

“ಇದ್ರ ಮೇಲೆ ಸೀಲಿಲ್ಲ ಮೇಡಂ. ಇದನ್ನ ಖಾಸಗಿ ಸಿಟ್ಟು ಅಂತ ತಗೋಬೇಕಾಗತ್ತೆ.”

ಅಧ್ಯಕ್ಷರು ಚೀಲದಿಂದ ಅಧಿಕೃತ ಹಣೆಯನ್ನು ತೆಗೆದ ಮೇಲೆಯೇ ಸಭೆ ಮುಂದುವರಿಯಿತು.

ಇನ್ನೊಂದು ಡೋಸಿಗೆ ಸಮಯವಾಗಿದೆ ಎಂದು ಕ್ಲಿನಿಕ್ಕಿನಿಂದ ಫೋನು ಬಂತು. ಕೊಟ್ಟ ದುಡ್ಡು ದಂಡವಾಗಲಿಲ್ಲ ಎಂದು ಅನ್ನಪೂರ್ಣೇಶ್ವರಿಯವರು ಡಾಕ್ಟರಿಗೆ ಹೇಳಿ, ಇನ್ನು ಸಾಕು ಎಂದರು. ತರಗತಿಯಲ್ಲಿ ರಹೀಮುನ್ನೀಸಾ ಅವರ ಹಣೆಯ ಗೆರೆಗಳನ್ನು ಬೆರಳಿಟ್ಟು ಎಣಿಸಿ, “ನಾಲ್ಕಾಗಿದೆ ಟೀಚರಮ್ಮ,” ಎಂದರು. ಇರಲಿ ಎಂದು ಅನ್ನಪೂರ್ಣೇಶ್ವರಿಯವರು ಒತ್ತಕ್ಷರ ಮುಂದುವರಿಸಿದರು. ಯಾರೂ ಹೆದರಲಿಲ್ಲ. ಒಮ್ಮೆ ನಕ್ಕವರಿಗೆ ಮತ್ತೆ ಹೆದರುವುದು ಕಷ್ಟವಾಗಿತ್ತು.

ಅಧ್ಯಕ್ಷರಿಗೆ ಬೋರ್ಡಿನ ಸೌಲಭ್ಯವಿರುವಾಗ ತಮಗೇಕಿಲ್ಲ ಎಂದು ಉಳಿದ ಸದಸ್ಯರು ಅರ್ಜಿ ಕೊಟ್ಟರು. ಬೇಡಿಕೆ ನ್ಯಾಯವಾಗಿದ್ದರಿಂದ ಅಧ್ಯಕ್ಷರು ಬೋರ್ಡನ್ನು ತಿರುಗಿಸಿ, ಗೆರೆಯಿಲ್ಲದ ಸೀಲಿನ ಬದಿಯನ್ನು ಹಿಡಿದರು. ಮುಸವ್ವಿರ್ ಎಲ್ಲರ ಮುಖವನ್ನೂ, ಸುಕ್ಕು ಬೇಕೆಂದವರಿಗೆ ಇಟ್ಟು, ಬೇಡವೆಂದವರಿಗೆ ತೆಗೆದು, ಬೋರ್ಡಿನ ಮೇಲೆ ಛಾಪಿಸಿಕೊಟ್ಟ. ಈಗ ಪ್ರತಿ ತಿಂಗಳ ಎರಡನೆಯ ಶನಿವಾರ ಬೋರ್ಡುಗಳನ್ನು ಕುರ್ಚಿಗಳ ಮೇಲೆ ಜೋಡಿಸಲಾಗುತ್ತದೆ. ಸದಸ್ಯರು ಸಿರಿಮನೆಗೆ ಅಧ್ಯಯನಕ್ಕೆ ಹೋಗುತ್ತಾರೆ. ಅಧ್ಯಕ್ಷರು ವಾಚನಾಲಯದಲ್ಲಿ ಪಾಠ ಮಾಡುತ್ತಾರೆ. ಮೂರು ಗಂಟೆ ಹಿಡಿಯುತ್ತಿದ್ದ ಸಭೆ ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ. ಅಧ್ಯಕ್ಷರ ಹಣೆಯಲ್ಲಿ ಯಾವಾಗಲೂ ಮೂರು ಗೆರೆ ಇರುವುದರಿಂದ ಏನೂ ಮಂಜೂರಾಗುವುದಿಲ್ಲ. ಇದರಿಂದ ಆಡಳಿತ ಬಹಳ ಸುಧಾರಿಸಿದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಕಳೆದ ಸಭೆಯ ನಡಾವಳಿಯ ಕೊನೆಯಲ್ಲಿ ಯಜ್ಞೇಶರು ತಮ್ಮ ಸ್ಪಷ್ಟ ಅಕ್ಷರದಲ್ಲಿ ಬರೆದಿದ್ದಾರೆ: ಎಲ್ಲ ಸದಸ್ಯರೂ ಸಮಯಕ್ಕೆ ಸರಿಯಾಗಿ ಹಾಜರಿದ್ದು, ಕೊನೆಯವರೆಗೂ ಗಂಭೀರವಾಗಿ ಕುಳಿತಿದ್ದರು. ಫ್ಯಾನು ಹಾಕಿದಾಗ ಇಬ್ಬರು ಬಿದ್ದರು. ಅವರನ್ನು ಎತ್ತಿ ಕೂರಿಸಲಾಯಿತು.