ಹಿತ್ತಿಲಲ್ಲಿ ಎಂಟು ಪೊರಕೆ

ಹಾಲು ಒಳಗೆ ತಂದು ಕಾಯಿಸಲು ಇಡುವುದು. ಅತ್ತೆಯ ಮಾತ್ರೆಗಳನ್ನು, ಬಿಳಿಯದು ಒಂದು, ಹಳದಿಯದು ಅರ್ಧ, ಬಟ್ಟಲಲ್ಲಿ ತೆಗೆದಿಡುವುದು. ನೀರಿನ ಮೋಟಾರು ಹಾಕುವುದು. ಮರೆಯದೆ ಅದನ್ನು ಆರಿಸುವುದು (ಇದು ಬೇರೆಯೇ ಕೆಲಸ, ಮಾಡಿದವರಿಗೆ ಗೊತ್ತು). ಗಂಡನ ಡಬ್ಬಿಗೆ ತರಕಾರಿ ಹೆಚ್ಚುವುದು, ಅವನ ಅಂಗಿಗೆ ಇಸ್ತ್ರಿ ಹಾಕುವುದು, ನೆನೆಸಿಟ್ಟ ಬಟ್ಟೆ ಒಗೆದು ಹಿಂಡಿ ತಂತಿಗೆ ಹರವುವುದು, ಕೊನೆಗೆ ಹಿತ್ತಿಲು ಗುಡಿಸಿ ನೀರು ಚಿಮುಕಿಸುವುದು. ಇಷ್ಟೂ ಬೆಳಕು ಹರಿಯುವ ಮುಂಚೆ.

ಇಷ್ಟಾದ ಮೇಲೆ ಆಕೆಗೊಂದು ಕಾಲು ಗಂಟೆ ಸಿಗುತ್ತಿತ್ತು. ಹಿತ್ತಿಲ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಸುಮ್ಮನೆ ಕೂರುವ ಕಾಲು ಗಂಟೆ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಯಾರೂ ಪಾಲು ಕೇಳದೆ ಉಳಿದಿದ್ದ ಆಕೆಯ ಏಕೈಕ ಸಾಮ್ರಾಜ್ಯ ಅದು.

ಆ ಹೊತ್ತಿನಲ್ಲಿ ಒದ್ದೆ ನೆಲದ ವಾಸನೆ ಮೂಗಿಗೆ ಬಡಿದರೆ ಸಾಕು, ಅಪ್ಪ ಬರುತ್ತಿದ್ದರು. ಅಪ್ಪ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ನೋಡಿಕೊಳ್ಳುವ ಮಾಲಿ. ಆಟಗಾರರು ಬರುವ ಮೊದಲೇ ಹುಲ್ಲು ಕತ್ತರಿಸಿ ಮುಗಿಸಬೇಕು. ಹನ್ನೆರಡು ವರ್ಷದ ಮಗಳು ಹಿಂದೆ ಹಿಂದೆ ನಡೆಯುತ್ತ, ಪೊದೆಗಳಲ್ಲಿ ಕಳೆದುಹೋದ ಚೆಂಡುಗಳನ್ನು ಲಂಗದಲ್ಲಿ ತುಂಬಿಕೊಳ್ಳುತ್ತಿದ್ದಳು. ಯಾರೋ ಮುರಿದು ಬಿಸಾಕಿದ್ದ ಕೋಲೊಂದನ್ನು ಅಪ್ಪ ಗರಗಸದಲ್ಲಿ ಮೊಟಕು ಮಾಡಿ, ಹಿಡಿಗೆ ಸೈಕಲ್ ಟ್ಯೂಬು ಸುತ್ತಿ ಮಗಳ ಕೈಗೆ ಕೊಟ್ಟಿದ್ದರು. ಕೆಲಸ ಮುಗಿದ ಮೇಲೆ, ಸೂರ್ಯ ಮೇಲೇರುವ ತನಕ ಹತ್ತು ನಿಮಿಷ ಇಬ್ಬರದೂ ಆಟ. ಅದೂ ದೂರ ಹೊಡೆಯುವ ಆಟವಲ್ಲ. ಗುಳಿಯ ಹತ್ತಿರ ಬಂದಾಗ ಚೆಂಡನ್ನು ಚೂರೇ ಚೂರು ಹಾರಿಸಿ, ಮಿಕ್ಕ ದಾರಿಯನ್ನು ಅದರ ಪಾಡಿಗೆ ಉರುಳಲು ಬಿಡುವ ಸಣ್ಣ ಹೊಡೆತ. ಅದಕ್ಕೆ ಚಿಪ್ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಅಪ್ಪ ಅದನ್ನು 'ಪುಟ್ಟೇಟು' ಅನ್ನುತ್ತಿದ್ದರು.

"ಹೊಡೆಯೋದರಲ್ಲಿ ಏನಿಲ್ಲ ಮಗಾ, ಎಲ್ಲ ನಿಂತ್ಕೊಳ್ಳೋದರಲ್ಲಿದೆ. ಕಾಲು ಹತ್ತಿರ ಹತ್ತಿರ. ಭಾರ ಎಡಗಾಲಿಗೆ. ಚೆಂಡು ಬಲಗಾಲ ಕಡೆ. ಕೈ ಚೆಂಡಿಗಿಂತ ಮುಂದೆ. ಅದನ್ನ ಎತ್ತಕ್ಕೆ ಹೋಗಬೇಡ. ಎತ್ತೋದು ಕೋಲಿನ ಕೆಲಸ."

ಮದುವೆಯಾದ ಹೊಸದರಲ್ಲಿ ಒಂದು ಸಲ ಇದನ್ನೆಲ್ಲ ಗಂಡನಿಗೆ ಹೇಳಿದ್ದಳು. ಆತ "ಹೌದಾ" ಅಂದು ಉಪ್ಪು ಕೇಳಿದ್ದ. ಆಮೇಲೆ ಹೇಳಲಿಲ್ಲ.

ಅಂಥ ಒಂದು ಬೆಳಿಗ್ಗೆ, ಟೀ ಇನ್ನೂ ಅರ್ಧ ಲೋಟ ಇರುವಾಗಲೇ, ಪೈಜಾಮದ ಕೆಳಗೆ ಆಫೀಸಿನ ಬೂಟು ಹಾಕಿಕೊಂಡು, ಕೈಯಲ್ಲಿ ಗಾಲ್ಫ್ ಕೋಲು ಹಿಡಿದು ಗಂಡ ಹಿತ್ತಿಲಿಗೆ ದಯಮಾಡಿಸಿದ. ಕಾರಣ ಇಷ್ಟೇ: ಅವನು ಕೆಲಸ ಮಾಡುವ ಪೈಪು ಕಾರ್ಖಾನೆಗೆ ಹೊಸ ದೊಡ್ಡ ಸಾಹೇಬ ಬಂದಿದ್ದ. ಸಾಹೇಬ ಗಾಲ್ಫ್ ಆಡುತ್ತಿದ್ದ. ಎರಡೇ ತಿಂಗಳಲ್ಲಿ ಇಡೀ ಆಫೀಸಿಗೆ ಹುಟ್ಟಿನಿಂದಲೇ ಗಾಲ್ಫೆಂದರೆ ಪ್ರಾಣವಾಗಿತ್ತು.

"ಸ್ವಲ್ಪ ಸರಿ," ಅಂದ.

"ಎಲ್ಲಿಗೆ?"

"ಒಳಗೆ. ಇದು ಚಿಪ್ಪಿಂಗ್ ಅಂತ. ನಿನಗೆ ಗೊತ್ತಾಗಲ್ಲ."

ಆಕೆ ಒಳಗೆ ಹೋಗಲಿಲ್ಲ, ಬಾಗಿಲಿಗೆ ಸರಿದು ನಿಂತು ನೋಡಿದಳು. ಆತ ಕಾಲುಗಳನ್ನು ಮೂಟೆ ಎತ್ತುವವನ ಹಾಗೆ ಅಗಲಿಸಿ, ಭಾರವನ್ನೆಲ್ಲ ಬಲಗಾಲಿಗೆ ಹಾಕಿ, ಚೆಂಡನ್ನು ಸೌಟಿನಲ್ಲಿ ತೋಡುವವನಂತೆ ಬೀಸಿದ. ಮೊದಲನೆಯ ಏಟಿಗೆ ಹಿತ್ತಿಲ ಮಣ್ಣು ಎದ್ದು ಒಗೆದ ಬಟ್ಟೆಯ ಮೇಲೆ ಬಿತ್ತು. ಎರಡನೆಯದಕ್ಕೆ ಚೆಂಡೇ ಎದ್ದು ಬಕೆಟ್ಟಿನ ಕಿವಿ ಹಾರಿಸಿತು. ಮೂರನೆಯದು ತಂತಿಯ ಮೇಲಿದ್ದ ಅವನ ಅಂಗಿಯ ಜೇಬಿಗೇ ಹೋಗಿ ಕೂತಿತು.

"ನೋಡಿದೆಯಾ, ಈ ತಂತಿ ಎಷ್ಟು ಅಡ್ಡ," ಅಂದ ಆತ.

ಹತ್ತು ದಿನದಲ್ಲಿ ತಂತಿಯ ಜೊತೆಗೆ ಇನ್ನೂ ಕೆಲವು ಅಪರಾಧಿಗಳು ಸಿಕ್ಕಿದರು: ಗಾಳಿ, ಕೋಲು, ಪಕ್ಕದ ಮನೆಯವರ ರೇಡಿಯೋ. ಹನ್ನೊಂದನೆಯ ದಿನ ಆತ ಅಳತೆಯ ಟೇಪು ಹಿಡಿದು ಬಂದ.

"ತಂತಿ ತೆಗೆದು ಬಿಡೋಣ. ಈ ಮೆಟ್ಟಿಲೂ ಒಡೆಸಿ, ಪೂರ್ತಿ ಹಸಿರು ಹಾಸು ಹಾಕಿಸಿದರೆ ಹದಿನೆಂಟು ಅಡಿ ಸಿಗುತ್ತೆ."

"ಬಟ್ಟೆ ಎಲ್ಲಿ ಒಣಗಿಸಲಿ?"

"ಒಳಗೆ ಎಲ್ಲಾದರೂ ಹಾಕು."

"ನಾನೆಲ್ಲಿ ಕೂತ್ಕೊಳ್ಳಲಿ?"

"ನೀನು ಎಲ್ಲಿ ಕೂತ್ಕೋತೀಯ?" ಅಂದ ಆತ, ನಿಜಕ್ಕೂ ಆಶ್ಚರ್ಯದಿಂದ.

ಆ ದಿನ ಪಾತ್ರೆ ತಿಕ್ಕುತ್ತ ಆಕೆ ಒಂದು ಮಹಾಯೋಜನೆ ಹೂಡಿದಳು. ಇವರಿಗೆ ಪುಟ್ಟೇಟು ಸರಿಯಾಗಿ ಬಂದುಬಿಟ್ಟರೆ ನಿಜವಾದ ಮೈದಾನಕ್ಕೆ ಹೋಗುತ್ತಾರೆ, ಮೆಟ್ಟಿಲು ಉಳಿಯುತ್ತದೆ. ಹೇಳಿಕೊಡುವುದು ಕಷ್ಟವಲ್ಲ. ಹೇಳಿದವಳು ತಾನು ಅಂತ ಗೊತ್ತಾಗದ ಹಾಗೆ ಹೇಳಿಕೊಡುವುದೇ ಕಷ್ಟ.

"ಯಾವುದೋ ಪತ್ರಿಕೆಯಲ್ಲಿ ಓದಿದೆ," ಅಂದಳು ಸಂಜೆ. "ಒಬ್ಬ ಚಾಂಪಿಯನ್ ಇದ್ದನಂತೆ. ಆರು ತಿಂಗಳು ಕೋಲೇ ಮುಟ್ಟಲಿಲ್ಲವಂತೆ. ಬರೀ ಉದ್ದನೆ ಪೊರಕೆ ಹಿಡಿದು ಗುಡಿಸಿದನಂತೆ."

"ಪೊರಕೆ ಯಾಕೆ?"

"ಗುಡಿಸುವಾಗ ಕೈ ಮುಂದೆ ಹೋಗುತ್ತೆ, ಕಡ್ಡಿ ಹಿಂದೆ ಬರುತ್ತೆ. ಭಾರ ಎಡಗಾಲಿಗೆ ಬಿದ್ದಿರುತ್ತೆ. ಪೊರಕೇನ ಯಾರೂ ಎತ್ತಿ ಹೊಡೆಯಲ್ಲ ನೋಡಿ."

ಆತ ಯೋಚಿಸಿದ. "ಯಾವ ಚಾಂಪಿಯನ್?"

"ಹೆಸರು ಮರೆತೆ. ಗಂಡಸೇ."

ಮಾತು ನಂಬಿಕೆಗೆ ಅರ್ಹವಾಯಿತು.

ಮರುದಿನದಿಂದ ಹಿತ್ತಿಲನ್ನು ಆತ ಗುಡಿಸಿದ. ಆಕೆ ಮೆಟ್ಟಿಲ ಮೇಲೆ ಟೀ ಹಿಡಿದು ಕೂತು, ಪತ್ರಿಕೆಯಲ್ಲಿ ಓದಿದ್ದನ್ನು ಒಂದೊಂದಾಗಿ ನೆನಪಿಸಿಕೊಂಡು ಹೇಳಿದಳು. ಕಾಲು ಹತ್ತಿರ. ಎದೆ ಚೂರು ಮುಂದೆ. ಕೈ ಮೊದಲು, ಕಡ್ಡಿ ಆಮೇಲೆ. ಒಂದು ವಾರಕ್ಕೆ ನಡುಮನೆಯೂ ತರಬೇತಿಗೆ ಸೇರಿತು. ಎರಡನೆಯ ವಾರ, ಕೈಗೆ ಸಮನಾದ ಲಯ ಬರಲಿ ಅಂತ ನೆಲ ಒರೆಸುವುದು. ಮೂರನೆಯ ವಾರ, ತಲೆ ಮೇಲೆತ್ತುವ ಕೆಟ್ಟ ಅಭ್ಯಾಸ ಬಿಡಲಿ ಅಂತ ಮಂಚದ ಕೆಳಗೆ. (ಈ ಕೊನೆಯದು ಅಪ್ಪ ಹೇಳಿದ್ದಲ್ಲ, ಆಕೆಯ ಸ್ವಂತ ಸಂಶೋಧನೆ.)

ಅತ್ತೆ ಎದೆಗೆ ಕೈ ಇಟ್ಟುಕೊಂಡರು. "ನನ್ನ ಮಗನ ಕೈಗೆ ಪೊರಕೆ ಕೊಟ್ಟೆಯಲ್ಲೇ."

"ಅದು ಪೊರಕೆ ಅಲ್ಲಮ್ಮ," ಅಂದ ಮಗ ಮಂಚದ ಕೆಳಗಿನಿಂದ. "ಕಾಲು ಎತ್ತು ಸ್ವಲ್ಪ."

ನಾಲ್ಕನೆಯ ವಾರ ಕೋಲು ಕೈಗೆ ತಗೊಂಡ. ಕಾಲು ತಾವಾಗಿ ಹತ್ತಿರ ಬಂದವು, ಕೈ ತಾನಾಗಿ ಮುಂದೆ ಹೋಯಿತು. ಚೆಂಡು ಮೊಣಕಾಲೆತ್ತರಕ್ಕೆ ಹಾರಿ, ಮೆತ್ತಗೆ ಇಳಿದು, ಉರುಳಿ, ಮಗುಚಿಟ್ಟ ಬಕೆಟ್ಟಿಗೆ ಹೋಗಿ ಟಕ್ ಅಂತ ತಾಗಿತು. ಆ ಸದ್ದಿಗೆ ಆಕೆಯ ಕೈಯಲ್ಲಿದ್ದ ಲೋಟ ಒಂದು ಗಳಿಗೆ ಅಲ್ಲೇ ನಿಂತಿತು. ಮಂಜು ಬಿದ್ದ ಹುಲ್ಲು, ಅಪ್ಪನ ರಬ್ಬರ್ ಬೂಟು, ಗುಳಿಯೊಳಗೆ ಚೆಂಡು ಬಿದ್ದಾಗ ಅಪ್ಪ ನಾಲಿಗೆಯಲ್ಲಿ ಮಾಡುತ್ತಿದ್ದ ಲೊಟ್ಟೆ ಸದ್ದು, ಎಲ್ಲ ಒಟ್ಟಿಗೆ ಬಂದು ಹಿತ್ತಿಲಲ್ಲಿ ನಿಂತು ಹೋದವು. ನಾಳೆಯಿಂದ ಇವರು ಮೈದಾನಕ್ಕೆ, ನಾನು ಮೆಟ್ಟಿಲಿಗೆ, ಅಂದುಕೊಂಡಳು.

ಆದದ್ದೇ ಬೇರೆ. ಆಫೀಸಿನ ಅಂಗಳದಲ್ಲಿ ದೊಡ್ಡ ಸಾಹೇಬ ಅವನ ಪುಟ್ಟೇಟು ನೋಡಿ ಬೆರಗಾಗಿ ಗುಟ್ಟೇನೆಂದು ಕೇಳಿದನಂತೆ. ಆತ ಮುಗುಳ್ನಕ್ಕು, "ನನ್ನದೇ ಒಂದು ವಿಧಾನ ಇದೆ ಸಾರ್," ಅಂದನಂತೆ. (ಚಾಂಪಿಯನ್ನೂ ಹೋದ, ಪತ್ರಿಕೆಯೂ ಹೋಯಿತು.) ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಕರೆಗಂಟೆ ಹೊಡೆದುಕೊಂಡಿತು. ಬಾಗಿಲಲ್ಲಿ ದೊಡ್ಡ ಸಾಹೇಬನೂ ಸೇರಿ ಏಳು ಜನ, ಏಳು ಹೊಸ ಪೊರಕೆ. ಗಂಡನದು ಸೇರಿ ಎಂಟು.

ಹಿತ್ತಿಲನ್ನು ಆಕೆ ಆಗಷ್ಟೇ ಗುಡಿಸಿದ್ದಳು. ಭಾನುವಾರ ಗಂಡನ ತರಬೇತಿಗೆ ರಜೆ.

"ಇಲ್ಲಿ ಕಸವೇ ಇಲ್ಲವಲ್ಲ," ಅಂದ ಸಾಹೇಬ ನಿರಾಸೆಯಿಂದ.

"ಅದಕ್ಕೆ ವ್ಯವಸ್ಥೆ ಇದೆ ಸಾರ್," ಅಂದು ಒಬ್ಬ ಕಾರಿನಿಂದ ಒಂದು ಚೀಲ ಒಣ ಎಲೆ ಇಳಿಸಿದ. ಎಲೆ ಹರಡಿದರು, ಗುಡಿಸಿದರು. ಮತ್ತೆ ಹರಡಿದರು, ಮತ್ತೆ ಗುಡಿಸಿದರು. ಗಂಡ ಮೆಟ್ಟಿಲ ಮೇಲೆ ನಿಂತು, "ಕೈ ಮೊದಲು, ಕಡ್ಡಿ ಆಮೇಲೆ," ಎಂದು ಉಪದೇಶಾಮೃತ ಸುರಿಸಿದ. ಆಕೆ ಎಂಟು ಟೀ ಮಾಡಿದಳು, ಸಾಹೇಬನದಕ್ಕೆ ಸಕ್ಕರೆ ಇಲ್ಲದೆ. ಎಂಟು ಆಮ್ಲೆಟ್ ಮಾಡಿದಳು, ಒಬ್ಬನದಕ್ಕೆ ಈರುಳ್ಳಿ ಇಲ್ಲದೆ. ಎಂಟು ಗಂಟೆ ಹೊಡೆಯುವಾಗ ಎಲೆಗಳು ಮೂರನೆಯ ಸುತ್ತಿಗೆ ಹರಡಿಕೊಂಡಿದ್ದವು. ತರಬೇತಿಯ ಅವಧಿ ಮುಗಿದಿದ್ದರಿಂದ ಎಲ್ಲರೂ ಪೊರಕೆ ಹೆಗಲಿಗೇರಿಸಿ ಹೊರಟರು.

ಎಲೆ ಆಕೆ ಗುಡಿಸಿದಳು.

ಮೂರನೆಯ ಭಾನುವಾರ ಆಕೆ ಟೀ ತಟ್ಟೆ ಹಿಡಿದು ಬಂದಾಗ ದೊಡ್ಡ ಸಾಹೇಬ ಉದಾರಿಯಾದ. "ತಂಗೀ, ನೀವೂ ಒಂದು ಸಲ ಪ್ರಯತ್ನಿಸಿ."

"ಅವಳಿಗೆ ಇದೆಲ್ಲ ಬರಲ್ಲ ಸಾರ್," ಅಂದ ಗಂಡ, ಪ್ರೀತಿಯಿಂದಲೇ.

ಆಕೆ ತಟ್ಟೆ ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಗಂಡನ ಕೋಲು ಕೈಗೆ ಬಂತು. ಎಷ್ಟು ವರ್ಷ ಆಗಿತ್ತು. ಕಾಲು ಹತ್ತಿರ, ಭಾರ ಎಡಗಾಲಿಗೆ, ಚೆಂಡು ಬಲಗಾಲ ಕಡೆ. ಅಪ್ಪ ಎಲ್ಲೋ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸಿತು. ಎಂಟೂ ಜನ ಲೋಟ ಎತ್ತಿಕೊಂಡು ಸುತ್ತ ನಿಂತರು. ಈಗ ತೋರಿಸುತ್ತೇನೆ, ಅಂದುಕೊಂಡು ಬೀಸಿದಳು.

ಕೋಲು ಮೊದಲು ನೆಲ ಕಚ್ಚಿತು. ಒಂದು ಹಿಡಿ ಮಣ್ಣು ಎದ್ದು ಸಾಹೇಬನ ಸಕ್ಕರೆಯಿಲ್ಲದ ಟೀಗೆ ಬಿತ್ತು. ಚೆಂಡು ಒಂದು ಗೇಣು ಹೋಗಿ, ಇನ್ನು ಸಾಕು ಅನ್ನುವ ಹಾಗೆ ನಿಂತಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಗಂಡ ಹತ್ತಿರ ಬಂದು, ಮಗುವಿಗೆ ಹೇಳುವಂತೆ ಹೇಳಿದ. "ನಿಂತ್ಕೊಳ್ಳೋದೇ ಸರಿ ಇಲ್ಲ ಕಣೇ. ಬೇಜಾರು ಮಾಡ್ಕೋಬೇಡ. ನಾಲ್ಕು ದಿನ ಕಸ ಗುಡಿಸು, ತಾನಾಗಿ ಬರುತ್ತೆ."

ಆಕೆ ಅವನ ಮುಖ ನೋಡಿದಳು. ಕುಚೋದ್ಯದ ಎಳೆಯೂ ಇರಲಿಲ್ಲ. ಹಿಂದೆ ಏಳು ತಲೆಗಳು ಗಂಭೀರವಾಗಿ ಅಲ್ಲಾಡಿದವು.

ಅವರೆಲ್ಲ ಹೋದ ಮೇಲೆ ಎಲೆಗಳ ನಡುವೆ ಒಬ್ಬಳೇ ನಿಂತು, ಎಲ್ಲಿ ತಪ್ಪಿತು ಅಂತ ಲೆಕ್ಕ ಹಾಕಿದಳು. ಅಪ್ಪ ಹೇಳಿದ್ದು ಸರಿಯೇ. ಆದರೆ ಅಪ್ಪ ಹೇಳಿದ್ದು ಮೊಟಕು ಕೋಲು ಹಿಡಿದ, ಗಾಳಿಗೆ ತೂರಿ ಹೋಗುವಂತಿದ್ದ ಹುಡುಗಿಗೆ. ಈ ಸೊಂಟವನ್ನೂ ಈ ಮೊಣಕಾಲನ್ನೂ ಅವರು ನೋಡಿರಲಿಲ್ಲ. ಈ ಉದ್ದದ ಕೋಲಿಗೆ ಎಷ್ಟು ದೂರ ನಿಲ್ಲಬೇಕು, ಎಷ್ಟು ಬಗ್ಗಬೇಕು, ಯಾರೂ ಹೇಳಿಕೊಟ್ಟಿರಲಿಲ್ಲ. ಇಷ್ಟು ವರ್ಷ ಆಕೆ ಜೋಪಾನ ಮಾಡಿದ್ದು ಆ ಹುಡುಗಿಯ ನಿಲುವನ್ನು. ತನ್ನದು ಇನ್ನೂ ಕಲಿಯಬೇಕಿತ್ತು. ಇದು ಹೊಳೆದಾಗ ಅಳು ಬರಬೇಕಿತ್ತು. ಹಸಿವಾಯಿತು. ಒಂಬತ್ತನೆಯ ಆಮ್ಲೆಟ್ ಮಾಡಿಕೊಂಡು, ಮೆಟ್ಟಿಲ ಮೇಲೆ ಕೂತು, ಬಿಸಿಬಿಸಿಯಾಗಿ ತಿಂದಳು.

ಸೋಮವಾರ ಮನೆಯಲ್ಲಿ ತರಕಾರಿಗೆ ಅಂತ ಹೇಳಿ ಬಸ್ಸು ಹತ್ತಿ ಊರಾಚೆಯ ಗಾಲ್ಫ್ ಮೈದಾನಕ್ಕೆ ಹೋದಳು. ಹೊಸಬರ ತರಬೇತಿಯ ಕಚೇರಿಯಲ್ಲಿ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಗುಮಾಸ್ತ ಕೂತಿದ್ದ.

"ಯಜಮಾನರಿಗಾ ಅಮ್ಮ?"

"ನನಗೆ."

ಆತ ಕನ್ನಡಕ ಏರಿಸಿ ನೋಡಿ ಫಾರಂ ಕೊಟ್ಟ. "ಎರಡು ಸಮಯ ಇದೆ. ಮಂಗಳವಾರ ಹನ್ನೊಂದು ಗಂಟೆಗೆ ಒಂದು. ಹೆಂಗಸರೆಲ್ಲ ಅದನ್ನೇ ತಗೋತಾರೆ. ಮನೆ ಕೆಲಸ ಮುಗಿದಿರುತ್ತೆ, ಯಜಮಾನರು ಆಫೀಸಲ್ಲಿ ಇರ್ತಾರೆ, ಯಾರಿಗೂ ತೊಂದರೆ ಇಲ್ಲ. ಇನ್ನೊಂದು ಭಾನುವಾರ ಬೆಳಿಗ್ಗೆ ಆರೂವರೆ. ಅದಕ್ಕೆ ನಿಮ್ಮಂಥವರು ಯಾರೂ ಬರಲ್ಲ. ಯೋಚನೆ ಮಾಡಿ ಗುರುತು ಹಾಕಿ." ಒಳಗೆ ಫೋನು ಬಡಿದುಕೊಂಡಿತು. ಆತ ಎದ್ದು ಹೋದ.

ಮಂಗಳವಾರ ಅನುಕೂಲವೇ. ಯಾರಿಗೂ ಹೇಳಬೇಕಾಗಿಲ್ಲ. ಗುಟ್ಟಾಗಿ ಕಲಿತು, ಒಂದು ದಿನ ಎಂಟು ಜನರೆದುರು ಪಟ್ಟನೆ ಚೆಂಡು ಎಬ್ಬಿಸಿ ಬೆಪ್ಪಾಗಿಸಬಹುದು. ಆ ಚಿತ್ರ ಆಕೆಗೆ ಅರ್ಧ ನಿಮಿಷ ಬಹಳ ಇಷ್ಟವಾಯಿತು. ಆದರೆ ಆ ಚಿತ್ರದಲ್ಲೂ ಟೀ ಮಾಡಿ ತಂದವಳು ತಾನೇ ಎಂಬುದು ಆಮೇಲೆ ಕಣ್ಣಿಗೆ ಬಿತ್ತು.

ಭಾನುವಾರ ಆರೂವರೆ ಅಂದರೆ ಕರೆಗಂಟೆ, ಏಳು ಪೊರಕೆ, ಒಂದು ಚೀಲ ಎಲೆ, ಕಾಯಿಸದ ಹಾಲು. ಟೀ ಪುಡಿ ಯಾವ ಡಬ್ಬಿಯಲ್ಲಿದೆ ಅಂತ ಅಡುಗೆಮನೆಯ ನಡುವೆ ನಿಂತು ಕೂಗುವ ಗಂಡ, ಕೂಗಿಗೆ ಉತ್ತರ ಬರದ ಮನೆ. ಅತ್ತೆ ಒಂದು ವಾರ ಮಾತು ಬಿಡುತ್ತಾರೆ. ಆತ ಎರಡು ವಾರ.

ಕಿಟಕಿಯಾಚೆ ಯಾರೋ ಹುಲ್ಲು ಕತ್ತರಿಸುತ್ತಿದ್ದರು. ಆಕೆ ಪೆನ್ನು ತಗೊಂಡು ಭಾನುವಾರದ ಚೌಕಕ್ಕೆ ಗುರುತು ಹಾಕಿದಳು. ಗೀಟು ತೆಳ್ಳಗೆ ಬಂದಿತ್ತು. ಅದರ ಮೇಲೆಯೇ ಇನ್ನೊಂದು ಸಲ, ಒತ್ತಿ ಎಳೆದಳು.