ಮೂರು ಕಿಲೋ ಕೊಸರು

ನನಗೆ ಸುಳ್ಳು ಹೇಳುವ ತಕ್ಕಡಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ! ಹೀಗಂತ ನಾನು ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ತೀರಾ ಹಳೆಯ ಮಾತೇನಲ್ಲ, ಹೋದ ಮಂಗಳವಾರ ಬೆಳಿಗ್ಗೆ ಹತ್ತೂವರೆಯವರೆಗೂ ಇತ್ತು.

ನಾನು ತಕ್ಕಡಿ ರಿಪೇರಿಯವನು. ಮೂವತ್ತೊಂದು ವರ್ಷದಿಂದ ಅಂಗಡಿ, ಗೋದಾಮು, ಗಿರಣಿಗಳ ತೂಕದ ಯಂತ್ರಗಳ ಕಿವಿ ಹಿಂಡಿ ನಿಜ ಹೇಳಿಸುತ್ತಾ ಬಂದಿದ್ದೇನೆ. ದೊಡ್ಡ ತಕ್ಕಡಿಗಳನ್ನು ಪರೀಕ್ಷಿಸಲು ಬೇರೆ ರಿಪೇರಿಯವರು ತೂಕದ ಬಟ್ಟುಗಳನ್ನು ಗಾಡಿಯಲ್ಲಿ ಹೇರಿಕೊಂಡು ಹೋಗುತ್ತಾರೆ. ನನಗೆ ಆ ತಾಪತ್ರಯವಿಲ್ಲ. ನಾನೇ ಹತ್ತಿ ನಿಂತುಬಿಡುತ್ತೇನೆ. ನೂರ ಇಪ್ಪತ್ತೆಂಟು ಕಿಲೋ, ನಡೆದಾಡುವ ಬಟ್ಟು!

ಈ ಹೆಮ್ಮೆ ನನ್ನ ಹೆಂಡತಿಗೆ ಹಿಡಿಸುತ್ತಿರಲಿಲ್ಲ.

"ಅನ್ನಕ್ಕೆ ದಂಡ, ಭೂಮಿಗೆ ಭಾರ ಅಂತಾರಲ್ಲ, ಅದರಲ್ಲಿ ಅರ್ಧ ನೀವು" ಎನ್ನುತ್ತಿದ್ದಳು.

"ಯಾವ ಅರ್ಧ?"

"ಹೇಗೂ ದುಡೀತೀರಲ್ಲ, ಮೊದಲನೇದು ಬಿಟ್ಟಿದ್ದೀನಿ."

ಅವಳಿಗೂ ಒಂದು ಚಾಳಿಯಿದೆ. ತರಕಾರಿ ಅಂಗಡಿಯಲ್ಲಿ ತೂಕ ಮುಗಿದ ಮೇಲೆ ಒಂದು ಹಿಡಿ ಕೊಸರು ಹಾಕಿಸಿಕೊಳ್ಳದೆ ಚೀಲ ಎತ್ತುವವಳಲ್ಲ. ಅದೋ, ನಾನೇ ಸರಿಮಾಡಿ ಸೀಲು ಒತ್ತಿದ ತಕ್ಕಡಿ! "ತೂಕ ಸರಿಯಾಗಿದೆ ಕಣೇ, ನನ್ನ ಮರ್ಯಾದೆ ತೆಗೀಬೇಡ" ಎಂದು ಗೊಣಗಿದರೆ, "ತೂಕ ನಿಮಗೆ ಸರಿಯಾಗಿರುತ್ತೆ. ನನಗೆ ಮೇಲೊಂದು ಹಿಡಿ ಬಿದ್ರೇನೇ ಸಮಾಧಾನ" ಎಂದು ಚೀಲದ ಬಾಯಿ ಅಗಲಿಸಿ ಹಿಡಿಯುತ್ತಾಳೆ. ನಾನು ಆ ಹೊತ್ತಿಗೆ ಆಲೂಗಡ್ಡೆಯ ರಾಶಿಯ ಕಡೆ ತಿರುಗಿ ನಿಲ್ಲುತ್ತೇನೆ.

ಇಂಥ ನನಗೆ ಒಂದು ಮಧ್ಯಾಹ್ನ ಗ್ರಹಚಾರ ಕೆಟ್ಟಿತು. ಕಬ್ಬಿಣದ ಸಾಮಾನಿನ ಅಂಗಡಿಯೊಂದರಲ್ಲಿ ನೆಲದ ತಕ್ಕಡಿ ಸರಿಮಾಡಿ, ಸುಮ್ಮನೆ ಒಂದು ನಿಮಿಷ ಅದರ ಮೇಲೇ ಕುಳಿತೆ. ಕಣ್ಣು ಹತ್ತಿತು. ತೂಕಕ್ಕೂ ತೂಕಡಿಕೆಗೂ ಎಷ್ಟು ಹತ್ತಿರದ ನೆಂಟಸ್ತನ ನೋಡಿ! ಎಚ್ಚರವಾದಾಗ ನನ್ನ ಸುತ್ತ ನಾಲ್ಕು ಚೀಲ ಮೊಳೆಗಳಿದ್ದವು. ಅಂಗಡಿಯವನು ನನ್ನನ್ನು ಎಬ್ಬಿಸಲು ಸಂಕೋಚಪಟ್ಟು, ನನ್ನ ಸಮೇತ ತೂಗಿ, ಲೆಕ್ಕದಲ್ಲಿ ನನ್ನನ್ನು ಕಳೆಯುತ್ತಾ ಕುಳಿತಿದ್ದ.

ಈ ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಮಾರನೆಯ ದಿನವೇ ಹೆಂಡತಿ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿಯ ಸರ್ಜನ್ ಸೂಜಿಯಂತಿದ್ದರು. ಬಾಗಿಲು ತೆರೆಯದೆಯೂ ಒಳಗೆ ಬರಬಲ್ಲಂಥ ಮನುಷ್ಯ. ನಾನು "ಸ್ವಲ್ಪ ಸುಸ್ತು, ಅಷ್ಟೇ" ಎಂದೆ. ಹೆಂಡತಿ ಮಾತ್ರ ನೆಲ ನೋಡುತ್ತಾ ಹೇಳಿದಳು:

"ನಿದ್ದೇಲಿ ಇವರ ಉಸಿರು ನಿಂತು ನಿಂತು ಬರುತ್ತೆ ಡಾಕ್ಟ್ರೇ. ನಾನು ಎಣಿಸ್ತಾ ಇರ್ತೀನಿ. ಒಂದೊಂದ್ಸಲ ಇಪ್ಪತ್ತರವರೆಗೂ ಹೋಗುತ್ತೆ."

ಇಪ್ಪತ್ತೇಳು ವರ್ಷ ಸಂಸಾರ ಮಾಡಿದವಳು ಪಕ್ಕದಲ್ಲಿ ಮಲಗಿ ನನ್ನ ಉಸಿರು ಎಣಿಸುತ್ತಿದ್ದಾಳೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ.

ಡಾಕ್ಟರು ವಿಷಯವನ್ನು ಬಿಡಿಸಿ ಹೇಳಿದರು. ತೂಕ ಇಳಿಯದಿದ್ದರೆ ಹೃದಯ ಹೆಚ್ಚು ದಿನ ಈ ಹೊರೆ ಎಳೆಯಲಾರದು, ಸಕ್ಕರೆ ಕಾಯಿಲೆಯೂ ಇದೆ, ಆಪರೇಷನ್ ಮಾಡಿಸುವುದು ಒಳ್ಳೆಯದು. ಅದರಲ್ಲಿ ಎರಡು ಬಗೆ. ಒಂದು ಸ್ಲೀವ್.

"ಅರ್ಧ ತೋಳಾ, ಪೂರ್ತಿ ತೋಳಾ?" ಎಂದು ಕೇಳಿದೆ. ಡಾಕ್ಟರು ನಗಲಿಲ್ಲ. ಜಠರವನ್ನು ಉದ್ದಕ್ಕೆ ಕತ್ತರಿಸಿ, ಬಾಳೆಹಣ್ಣಿನಷ್ಟು ಕೊಳವೆ ಮಾತ್ರ ಉಳಿಸುವುದಂತೆ. ಇನ್ನೊಂದು ಬೈಪಾಸ್. ಜಠರದ ಮೇಲ್ತುದಿಯಲ್ಲಿ ಮೊಟ್ಟೆಯಷ್ಟು ಚೀಲ ಮಾಡಿ, ಅದನ್ನು ಕರುಳಿನ ಕೆಳಭಾಗಕ್ಕೆ ನೇರವಾಗಿ ಜೋಡಿಸುವುದಂತೆ.

"ಯೋಚನೆ ಮಾಡಿ ಹೇಳಿ. ಆದ್ರೆ ಯಾವುದೇ ಆಗ್ಲಿ, ಆರು ವಾರದಲ್ಲಿ ಎಂಟು ಕಿಲೋ ಇಳಿಸ್ಕೊಂಡು ಬರ್ಬೇಕು. ನಿಮ್ಮ ಲಿವರ್ ಊದಿಕೊಂಡು ಜಠರದ ಮೇಲೆ ಕೂತಿದೆ. ಅದು ಕುಗ್ಗದಿದ್ರೆ ನನಗೆ ಒಳಗೆ ಕೈಯಾಡಿಸೋಕೆ ಜಾಗ ಇರಲ್ಲ."

"ಇಳೀದಿದ್ರೆ?" ಹೆಂಡತಿ ಕೇಳಿದಳು.

"ಅಪಾಯ ಜಾಸ್ತಿ. ನಾನು ಕತ್ತಿ ಮುಟ್ಟಲ್ಲ. ಮತ್ತೆ ಮೂರು ತಿಂಗಳು ಮುಂದಕ್ಕೆ."

"ಹೆಚ್ಚು ಇಳಿದ್ರೆ?"

"ಇಳಿದಷ್ಟೂ ಕ್ಷೇಮ ಅಮ್ಮಾ."

ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯನ್ನು ನಾನು ಆಗಲೇ ಗಮನಿಸಬೇಕಿತ್ತು.

ಮನೆಗೆ ಬಂದವನೇ ನಾನು ಹಳೆಯ ಹಿತ್ತಾಳೆ ತಕ್ಕಡಿಯನ್ನು ಊಟದ ಮೇಜಿನ ಮೇಲಿಟ್ಟೆ. ಜನ ಮನಸ್ಸಿನಲ್ಲಿ ಅಳೆದು ತೂಗುತ್ತಾರೆ. ನಾನು ಕಸುಬುದಾರ, ನಿಜವಾಗಿಯೇ ತೂಗುವವನು! ಎಡತಟ್ಟೆ ಸ್ಲೀವಿಗೆ, ಬಲತಟ್ಟೆ ಬೈಪಾಸಿಗೆ. ಒಂದೊಂದು ಗುಣಕ್ಕೆ ಒಂದೊಂದು ನಟ್ಟು. ಬೇಗ ಮುಗಿಯುತ್ತದೆ, ಸ್ಲೀವಿಗೆ ಒಂದು ನಟ್ಟು. ಕರುಳಿನ ತಂಟೆಗೆ ಹೋಗುವುದಿಲ್ಲ, ಇನ್ನೊಂದು. ಬಾಳೆಹಣ್ಣು ನನಗೆ ಇಷ್ಟ, ಮತ್ತೊಂದು. ಬೈಪಾಸಿಗೆ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ಒಂದೇ ನಟ್ಟು ಬಿತ್ತು. ಸ್ಲೀವ್ ತಟ್ಟೆ ಟಣ್ಣನೆ ಮೇಜಿಗೆ ಬಡಿಯಿತು.

"ತೀರ್ಪು ಬಂತು ನೋಡೇ. ತಕ್ಕಡಿ ಎಂದೂ ಸುಳ್ಳು ಹೇಳೋದಿಲ್ಲ."

ಹೆಂಡತಿ ನನ್ನ ಸಾಮಾನು ಚೀಲದಲ್ಲಿ ಕೈಯಾಡಿಸಿ, ಅರ್ಧ ಕಿಲೋದ ಬಟ್ಟೊಂದನ್ನು ಬಲತಟ್ಟೆಗೆ ಇಟ್ಟಳು. ನನ್ನ ನಟ್ಟುಗಳು ಹಾರಿ ಹೂಜಿಯೊಳಗೆ ಬಿದ್ದವು.

"ಇದೇನಿದು?"

"ನಿಮ್ಮ ಹುಳಿತೇಗು. ಮೂರು ದಿಂಬು ಒಟ್ಟಿಕೊಂಡು ಎದೆಯುರಿ ಅಂತ ಕೂತೇ ಮಲಗ್ತೀರಲ್ಲ, ಅದನ್ನ ಡಾಕ್ಟ್ರಿಗೆ ಹೇಳಿದ್ರಾ?"

ಹೇಳಿರಲಿಲ್ಲ. ಹುಳಿತೇಗೂ ಒಂದು ಕಾಯಿಲೆಯೇ? ಅವಳು ಅಲ್ಲೇ ನಿಂತು ಫೋನಿನಲ್ಲಿ ವಿಚಾರಿಸಿದಳು. ಎದೆಯುರಿ ಇದ್ದವರಿಗೆ ಸ್ಲೀವ್ ಮಾಡಿದರೆ ಅದು ಇನ್ನಷ್ಟು ಹೆಚ್ಚಬಹುದು, ಗಂಟಲಿಗೆ ಕೊಳವೆ ಇಳಿಸಿ ನೋಡೋಣ ಎಂದರು ಡಾಕ್ಟರು. ನೋಡಿದರು. ಬೈಪಾಸೇ ಸರಿ ಎಂದರು. ನನ್ನನ್ನೇ ಬೈಪಾಸ್ ಮಾಡಿ ಬೈಪಾಸ್ ನಿರ್ಧಾರವಾಯಿತು!

ಇನ್ನು ಎಂಟು ಕಿಲೋದ ಮಾತು. ಮನೆಯಲ್ಲಿ ಮುಳ್ಳು ಇರುವ ನೆಲದ ತಕ್ಕಡಿಯೊಂದಿದೆ. ಪ್ರತಿ ಶನಿವಾರ ಬೆಳಿಗ್ಗೆ ಅದಕ್ಕೆ ಐದೈದು ಕಿಲೋದ ಎರಡು ಬಟ್ಟು ಹೇರಿ ಪರೀಕ್ಷಿಸಿ, ಹತ್ತು ಗ್ರಾಮಿನ ದೋಷವೂ ಇಲ್ಲವೆಂದು ಖಚಿತ ಮಾಡಿಕೊಂಡೇ ನಾನು ಹತ್ತುತ್ತಿದ್ದೆ. ಒಂದೇ ತೊಡಕು: ಹತ್ತಿ ನಿಂತ ಮೇಲೆ ಮುಳ್ಳು ಕಾಣುತ್ತಿರಲಿಲ್ಲ. ನನಗೂ ಮುಳ್ಳಿಗೂ ನಡುವೆ ನನ್ನ ಹೊಟ್ಟೆಯಿತ್ತು. ಬಗ್ಗಿದರೆ ಮುಳ್ಳು ಅಲ್ಲಾಡುತ್ತದೆ. ಹಾಗಾಗಿ ಹೆಂಡತಿ ಎದುರಿಗೆ ಮಣೆ ಹಾಕಿ ಕುಳಿತು ಓದಿ ಹೇಳುತ್ತಿದ್ದಳು. ನಾನು ಕಸುಬುದಾರನ ಗಾಂಭೀರ್ಯದಿಂದ ಗೋಡೆ ನೋಡುತ್ತಾ ನಿಲ್ಲುತ್ತಿದ್ದೆ.

ಮೊದಲ ಶನಿವಾರ, "ಎಷ್ಟೇ?"

"ನೂರ ಇಪ್ಪತ್ತಾರು."

ಒಂದೇ ವಾರಕ್ಕೆ ಎರಡು ಕಿಲೋ! ಅದೇ ಸಂಭ್ರಮದಲ್ಲಿ ಬೇಕರಿಯ ಮುಂದೆ ಹಾದು ಹೋದೆ. ಹಾದು ಹೋದೆ ಎಂದರೆ, ಒಳಗಿನಿಂದ ಹಾದು ಹೋದೆ. ಎರಡು ಕ್ರೀಮ್ ಬನ್ನು. ಮನೆಗೆ ಬಂದಾಗ ಹೆಂಡತಿ ನನ್ನ ಮೀಸೆಯಿಂದ ಏನನ್ನೋ ಬೆರಳಿನಲ್ಲಿ ಒರೆಸಿ, ಮೂಸಿ ನೋಡಿ, ಕೈ ತೊಳೆದುಕೊಂಡಳು.

ಆಮೇಲಿಂದ ನನ್ನ ತೂಕಕ್ಕೆ ಶನಿ ಹಿಡಿಯಿತು. ಬೆಳಿಗ್ಗೆ ಸೂಪು, ಮಧ್ಯಾಹ್ನ ಬೇಯಿಸಿದ ತರಕಾರಿ, ಸಂಜೆ ಸುಣ್ಣದ ನೀರಿನಂಥ ಪುಡಿ ಕಲಸಿದ ಪಾನೀಯ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ. ಪ್ಯಾಂಟು ಸೊಂಟದಿಂದ ಜಾರತೊಡಗಿತು, ಬೆಲ್ಟಿಗೆ ಮೊಳೆಯಲ್ಲಿ ಎರಡು ಹೊಸ ತೂತು ಹೊಡೆದೆ. ಆದರೂ ಶನಿವಾರ ಬಂತೆಂದರೆ "ನೂರ ಇಪ್ಪತ್ತಾರೇ", "ನೂರ ಇಪ್ಪತ್ತೈದೂವರೆ".

"ಸರಿಯಾಗಿ ನೋಡೇ!"

"ನೋಡ್ತಾನೇ ಇದ್ದೀನಲ್ರೀ. ತಕ್ಕಡಿ ಸುಳ್ಳು ಹೇಳುತ್ತಾ?"

ಹೇಳುವುದಿಲ್ಲ. ಇಳಿದು ಮತ್ತೆ ಬಟ್ಟು ಹೇರಿ ಪರೀಕ್ಷಿಸಿದೆ. ಯಂತ್ರ ಬಿಚ್ಚಿ ಸ್ಪ್ರಿಂಗ್ ಒರೆಸಿದೆ. ಹತ್ತು ಕಿಲೋ ಎಂದರೆ ಹತ್ತೇ ಕಿಲೋ. ಕೊನೆಗೆ ನನ್ನಲ್ಲೇ ಕಳೆಯಬಹುದಾದದ್ದನ್ನು ಕಳೆಯತೊಡಗಿದೆ. ವಾಚು ಬಿಚ್ಚಿದೆ, ಉಂಗುರ ಬಿಚ್ಚಿದೆ, ತಲೆ ನುಣ್ಣಗೆ ಬೋಳಿಸಿಕೊಂಡೆ. ಸೋಮವಾರ ಸಂಜೆ, ಆಸ್ಪತ್ರೆಗೆ ಹೋಗುವ ಹಿಂದಿನ ದಿನ, ಇಪ್ಪತ್ತೈದು ವರ್ಷ ಸಾಕಿದ ಮೀಸೆಯನ್ನೂ ತೆಗೆದುಬಿಟ್ಟೆ. ಮಂಗಳವಾರ ಬೆಳಿಗ್ಗೆ ಉಸಿರು ಬಿಗಿಹಿಡಿದು ಹತ್ತಿದೆ.

"ನೂರ ಇಪ್ಪತ್ತೊಂದು" ಎಂದಳು.

ಒಂದೇ ಒಂದು ಕಿಲೋ ಹೆಚ್ಚು! ಮೀಸೆಯೂ ಹೋಯಿತು, ಆಪರೇಷನ್ನೂ ಹೋಯಿತು. ಇನ್ನು ಮೂರು ತಿಂಗಳು ಇವಳು ನನ್ನ ಉಸಿರು ಎಣಿಸಬೇಕಲ್ಲ ಎಂದು ನೆನೆದು ಹೊಟ್ಟೆ ಚುರುಕ್ಕೆಂದಿತು. ಹಸಿವಿಗಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಸ್ಪತ್ರೆಯಲ್ಲಿ ತೂಕದ ಕೋಣೆಯ ಮುಂದೆ ಸಾಲು ನಿಂತಿತ್ತು. ಅಲ್ಲಿಯದು ವಿದ್ಯುತ್ ತಕ್ಕಡಿ. ಅಂಕಿಗಳು ಕಣ್ಣೆದುರಿನ ಗೋಡೆಯ ಮೇಲೆ ಅಂಗೈ ಅಗಲ ಬೆಳಗುತ್ತವೆ. ತಲೆ ತಗ್ಗಿಸಿ ಹತ್ತಿದೆ.

"ನೂರ ಹದಿನೆಂಟು. ಭೇಷ್ ಅಂಕಲ್, ಹತ್ತು ಕಿಲೋ ಇಳಿದಿದ್ದೀರಿ" ಎಂದಳು ನರ್ಸು.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಇಳಿಯುತ್ತಿದ್ದರು. ನಾನು ಮೂವತ್ತೊಂದು ವರ್ಷದ ಕಸುಬುದಾರ! ಸುಳ್ಳು ತಕ್ಕಡಿಯ ಮೇಲೆ ಗೆದ್ದು ಆಪರೇಷನ್ ಮಾಡಿಸಿಕೊಳ್ಳುವುದೇ?

"ಬರೀಬೇಡಮ್ಮಾ. ನಿಮ್ಮ ತಕ್ಕಡಿ ಮೂರು ಕಿಲೋ ಕಮ್ಮಿ ತೋರಿಸ್ತಿದೆ. ನನ್ನ ತೂಕ ನೂರ ಇಪ್ಪತ್ತೊಂದು."

"ರೀ, ಸುಮ್ನಿರಿ" ಎಂದು ಹೆಂಡತಿ ಅಂಗಿ ಜಗ್ಗಿದಳು.

"ನೀನು ಸುಮ್ನಿರೇ, ಇದು ನ್ಯಾಯದ ಪ್ರಶ್ನೆ."

ಸಾಲಿನಲ್ಲಿದ್ದವರು ಕಿವಿ ನೆಟ್ಟಗೆ ಮಾಡಿದರು. ಮೂರು ಕಿಲೋ ಕಮ್ಮಿ ತೋರಿಸುತ್ತದೆ ಎಂದ ಕೂಡಲೇ, ಆಗಷ್ಟೇ ಹಿಗ್ಗಿನಿಂದ ಇಳಿದುಹೋಗಿದ್ದ ಇಬ್ಬರು ಹೆಂಗಸರು ಮುಖ ಸಣ್ಣಗೆ ಮಾಡಿಕೊಂಡು ವಾಪಸ್ಸು ಬಂದರು. ಒಬ್ಬರು ಅಳುವುದಕ್ಕೂ ಶುರುಮಾಡಿದರು. ಗದ್ದಲ ಕೇಳಿ ಸೂಜಿ ಡಾಕ್ಟರು ಬರುವಷ್ಟರಲ್ಲಿ ನಾನು ಅಭ್ಯಾಸಬಲದಿಂದ ಜೊತೆಗೇ ತಂದಿದ್ದ ಸಾಮಾನು ಚೀಲದಿಂದ ಐದೈದು ಕಿಲೋದ ಎರಡು ಬಟ್ಟು ತೆಗೆದು, ನೆಲದ ಮೇಲೆ ಅಂಗಾತ ಮಲಗಿ ತಕ್ಕಡಿಯ ಅಡಿಯನ್ನು ನೋಡುತ್ತಿದ್ದೆ.

"ಇದೇನು ಸಾರ್?"

"ಹತ್ತಿ ಡಾಕ್ಟ್ರೇ."

ಪಾಪ, ಹತ್ತಿದರು. ಐವತ್ತೆಂಟು. ಎರಡೂ ಬಟ್ಟುಗಳನ್ನು ಅವರ ಕೈಗೆ ಕೊಟ್ಟೆ. ಅರವತ್ತೆಂಟು. ಸರಿಯಾಗಿದೆ! ಹಗುರ ಜನರಿಗೆ ನಿಜ ಹೇಳಿ, ಭಾರದವರಿಗೆ ಮೋಸ ಮಾಡುವ ತಕ್ಕಡಿಗಳೂ ಇರುತ್ತವೆ. ಬಟ್ಟುಗಳನ್ನು ಕಸಿದುಕೊಂಡು ನಾನೇ ಹತ್ತಿದೆ. ಗೋಡೆಯ ಮೇಲೆ ಅಂಕಿ ಮೂಡಿತು: ನೂರ ಇಪ್ಪತ್ತೆಂಟು.

ನನ್ನ ಹಳೆಯ ತೂಕ. ಆರು ವಾರದಲ್ಲಿ ನಾನು ಕಳೆದುಕೊಂಡ ಹತ್ತು ಕಿಲೋ ನನ್ನ ಎರಡು ಕೈಗಳಲ್ಲಿ ತೂಗುತ್ತಿತ್ತು. ಇಷ್ಟನ್ನು ಹೊತ್ತು ತಿರುಗುತ್ತಿದ್ದೆನೇ ಎಂದು ತೋಳು ಸೋತುಬಂತು. ತಕ್ಕಡಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಮನೆಯ ತಕ್ಕಡಿ ನಿಜ. ಆಸ್ಪತ್ರೆಯ ತಕ್ಕಡಿಯೂ ನಿಜ. ನಡುವೆ ಮೂರು ಕಿಲೋ ಎಲ್ಲಿ ಹೋಯಿತು? ಬಟ್ಟುಗಳನ್ನು ಹಿಡಿದುಕೊಂಡೇ ನಿಧಾನವಾಗಿ ತಿರುಗಿದೆ. ಹೆಂಡತಿ ಭಾರೀ ಆಸಕ್ತಿಯಿಂದ ಫ್ಯಾನು ನೋಡುತ್ತಿದ್ದಳು.

"ಏನೇ?"

"ನೀವು ತಕ್ಕಡಿ ಪರೀಕ್ಷೆ ಮಾಡಿದ್ರಿ" ಎಂದಳು ಮೆಲ್ಲಗೆ. "ಓದೋಳನ್ನ ಮಾಡ್ಲಿಲ್ಲ."

"ಮೂರು ಕಿಲೋ ಸುಳ್ಳು! ಅದೂ ನನಗೆ!"

"ಮೊದಲ್ನೇ ವಾರ ನಿಜಾನೇ ಹೇಳಿದ್ದೆ. ಮೀಸೇಲಿ ಕ್ರೀಮ್ ತಂದ್ರಿ. ಆಮೇಲೆ ಒಂದು ಸೇರಿಸ್ದೆ, ಆಮೇಲೆ ಎರಡು, ಮೂರು. ಸುಳ್ಳಲ್ಲ ಕಣ್ರೀ, ಕೊಸರು. ಎಂಟು ಇಳಿದ್ರೆ ಆಪರೇಷನ್ ಮಾಡ್ತೀನಿ ಅಂದ್ರು. ಮಾಡೋದು ಡಾಕ್ಟ್ರ ಲೆಕ್ಕ. ನೀವು ಎದ್ದು ಮನೆಗೆ ಬರೋದು ನನ್ನ ಲೆಕ್ಕ. ಅದಕ್ಕೆ ಮೇಲೊಂದು ಹಿಡಿ ಬೀಳ್ಲಿ ಅಂತ."

ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು. ಕೈಯಲ್ಲಿ ಬಟ್ಟುಗಳಿದ್ದವು, ಒರೆಸಿಕೊಳ್ಳಲೂ ಆಗಲಿಲ್ಲ.

"ಅದು ಸರಿ, ಮೀಸೆ ತೆಗೆಯುವಾಗಲಾದರೂ ಹೇಳಬಾರದಾಗಿತ್ತೇನೇ?"

"ಹೇಳೋಣ ಅಂತಾನೇ ಓಡಿ ಬಂದೆ. ಅಷ್ಟರಲ್ಲಿ ಅರ್ಧ ಹೋಗಿತ್ತು. ಉಳಿದರ್ಧ ಇಟ್ಕೊಂಡು ಏನ್ಮಾಡ್ತೀರಿ ಅಂತ ಸುಮ್ಮನಾದೆ."

ಅಳುತ್ತಿದ್ದ ಹೆಂಗಸೂ ನಕ್ಕರು. ಡಾಕ್ಟರು ಮೊದಲ ಬಾರಿಗೆ ಹಲ್ಲು ತೋರಿಸಿ, ಶುಕ್ರವಾರ ಬೆಳಿಗ್ಗೆ ಆಪರೇಷನ್ ಎಂದರು. ನಾನು ಬಟ್ಟುಗಳನ್ನು ಚೀಲಕ್ಕೆ ಹಾಕಿ, ಕೊನೆಯ ಸಲ ತಕ್ಕಡಿ ಹತ್ತಿ ನಿಂತೆ. ಗೋಡೆಯ ಮೇಲೆ ಅಂಗೈ ಅಗಲದ ಅಂಕಿಗಳು ಬೆಳಗಿದವು.

"ನೂರ ಹದಿನೆಂಟು, ಸರಿಯಾಗಿದೆ. ಬರ್ಕೊಳ್ಳಮ್ಮಾ" ಎಂದು ಮೂವತ್ತೊಂದು ವರ್ಷದ ಅಧಿಕಾರವಾಣಿಯಲ್ಲಿ ಹೇಳಿದೆ.

ನರ್ಸು ಪೆನ್ನು ತೆರೆದಳು. ಬರೆಯಲಿಲ್ಲ. ನನ್ನನ್ನು ದಾಟಿ, ಹಿಂದೆ ನಿಂತಿದ್ದ ನನ್ನ ಹೆಂಡತಿಯನ್ನು ನೋಡಿದಳು.

"ಆಂಟೀ, ಬರ್ಕೊಳ್ಳಲಾ?"