ಗೌಡರ ರೇಡಿಯೋಕ್ಕೊಬ್ಬ ರಿಪೇರಿಗಾರ

ಎಲ್ಲಕ್ಕೂ ಮೂಲ ಒಂದು ಬಟ್ಟಲು ಚಹಾ. ಕಮಲಾಪುರದ ಗೌಡರು ತೀರಿಕೊಂಡ ಮೇಲೆ ಹೆಂಡತಿ ಪುತಳಾಬಾಯಿ ಅವರಿಗೆ ಪ್ರಿಯವಾದದ್ದನ್ನೆಲ್ಲ ಎಡೆ ಇಟ್ಟಳು. ಗೌಡರು ಬದುಕಿದ್ದಷ್ಟು ದಿನವೂ ರೇಡಿಯೋಕ್ಕೆ ಕಿವಿ ಹಚ್ಚಿಕೊಂಡೇ ಚಹಾ ಕುಡಿದವರು. ಫೋಟೋದ ಮುಂದೆ ಇಟ್ಟರೆ ಅವರಿಗೆ ಮುಟ್ಟಲಾರದೆಂದು ಆ ತಾಯಿ ಬಟ್ಟಲನ್ನು ಸೀದಾ ರೇಡಿಯೋದೊಳಗೇ ಸುರಿದಳು. ಪೆಟ್ಟಿಗೆ ಚುಂಯ್ ಎಂದು ಬಾಯಿ ಮುಚ್ಚಿತು.

ಅದು ಹೋಗಿ ಚಂದ್ರಶಾ ಮಾಸ್ತರನ ಕೊರಳಿಗೆ ಸುತ್ತಿಕೊಂಡಿತು. ಕಲಬುರಗಿಯ ಸ್ಟೇಶನ್ ಬಜಾರಿನ ತಗಡಿನ ಶೆಡ್ಡಿನಲ್ಲಿ ಅವನು ರೇಡಿಯೋ ರಿಪೇರಿ ಕಲಿಸುತ್ತಿದ್ದ. ನಿಜಾಮರ ರಾಜ್ಯದ ಈ ಮೂಲೆಯಲ್ಲಿ ರೇಡಿಯೋ ಇದ್ದ ಮನೆಗಳೇ ಬೆರಳೆಣಿಕೆ. ಕಲಿತವರೆಲ್ಲ ಕೈಕಟ್ಟಿ ಕೂತಿದ್ದರು. ಒಬ್ಬ ಶಿಷ್ಯನಿಗಾದರೂ ನೌಕರಿ ಸಿಗದಿದ್ದರೆ ನಾಳೆ ಶೆಡ್ಡಿಗೆ ಬೀಗವೆಂದು ಶೆಡ್ಡು ನಡೆಸುವ ಇಲಾಖೆಯ ಸಾಹೇಬರು ಹೇಳಿಬಿಟ್ಟಿದ್ದರು. ಇತ್ತ ಪುತಳಾಬಾಯಿ, ಪೆಟ್ಟಿಗೆ ಮಾತಾಡಿದರೆ ಅದನ್ನು ನೋಡಿಕೊಳ್ಳಲು ಒಬ್ಬನನ್ನು ಕಾಯಂ ಇಟ್ಟುಕೊಳ್ಳುವೆನೆಂದಿದ್ದಳು. ಆದರೆ ಪೆಟ್ಟಿಗೆಯೊಳಗೆ ಸುಟ್ಟ ಗಾಜಿನ ವಾಲ್ವಿನ ಬದಲು ಹೊಸದು ಹೈದರಾಬಾದಿನಿಂದ ಬರಬೇಕು. ನಾಳೆಯೊಳಗೆ ಬರುವ ಮಾತೇ ಇರಲಿಲ್ಲ.

ಪಾಪ, ಮಾಸ್ತರ ಸುಳ್ಳಿನ ಮನುಷ್ಯನಲ್ಲ. ಆದರೂ ಜಾಣ ಶಿಷ್ಯ ಗುಲಾಮ್ ರಸೂಲ್‌ನನ್ನು ಬದಿಗೆ ಕರೆದ.

"ಮೊನ್ನಿ ನೋಡಿ ಬಂದೀನಿ, ರೇಡಿಯೋದ ಹಿಂದಿನ ಗ್ವಾಡಿಗೆ ಒಂದು ಕಿಂಡಿ ಅದ. ಆಚಿ ಕಡಿ ಹೊಟ್ಟಿನ ಕೋಣಿ. ನೀ ಮಧ್ಯಾಹ್ನದ ಮೋಟಾರಿಗೆ ಬಂದು ಅಲ್ಲಿ ಅಡಗು. ನಾ ಗುಂಡಿ ತಿರುವಿದ ಕೂಡ್ಲೇ ಹೈದರಾಬಾದಿನ ಖಬರ್ ಓದು. ವಾಲ್ವು ಬರೋತನಕ ಅಷ್ಟೇ."

"ಸಿಕ್ಕಿಬಿದ್ರ, ಉಸ್ತಾದ್?"

"ಸುಮ್ಮ ಕುಂತರೂ ಬೀಗ ಬೀಳ್ತದ. ನಡಿ."

ಮಾಸ್ತರನನ್ನು ಕರೆದೊಯ್ಯಲು ಗೌಡರ ನೆರೆಮನೆಯ ಅಮೋಘಪ್ಪ ಬಂಡಿ ತಂದಿದ್ದ. ದಾರಿಯುದ್ದಕ್ಕೂ ಸಲಹೆ ಕೊಟ್ಟು ಮಾಸ್ತರನ ತಲೆ ತಿಂದ. ಗೌಡರ ವಾಡೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಓಣಿಯ ಜನವೆಲ್ಲ ಪಡಸಾಲೆಯಲ್ಲಿ ಕೂತಿತ್ತು. ಹೊರಗೆ ನಾಯಿಯೊಂದು ಬಾಗಿಲತ್ತ ಮುಖಮಾಡಿ ಊಳಿಡುತ್ತಿತ್ತು.

"ಮೊದಲ ಲೋಬಾನ ಹಾಕ್ರಿ ಮಾಸ್ತರ," ಎಂದ ಅಮೋಘಪ್ಪ. "ಈ ತಂತಿ ಬ್ಯಾರೆ ಸಡ್ಲದ ನೋಡ್ರಿ." ನೋಡಲು ಹೋಗಿ ಬ್ಯಾಟರಿಯ ತಂತಿಯನ್ನೇ ಕಿತ್ತು ಕೈಯಲ್ಲಿ ಹಿಡಿದುಕೊಂಡ.

ಮಾಸ್ತರ ಗುಂಡಿ ತಿರುಗಿಸಿದ. ತುಸು ಹೊತ್ತು ಏನೂ ಇಲ್ಲ. ಆಮೇಲೆ ಯಾರೋ ಕೆಮ್ಮಿದರು.

"ಪುತಳಾ, ಚಾಕ್ಕ ಸಕ್ರಿ ಕಮ್ಮಿ ಆಗಿತ್ತು."

ಪುತಳಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. ಖಬರ್ ಓದೆಂದರೆ ಈ ಹುಡುಗ ಏನು ನಡೆಸಿದ್ದಾನೆ ಎಂದು ಮಾಸ್ತರ ಒಳಗೊಳಗೇ ಹಲ್ಲು ಕಡಿದ. ಕೆಮ್ಮು ಮತ್ತೆ ಬಂತು.

"ಅಮೋಘ್ಯಾ, ನನ್ನ ಹೊರೋ ಮುಂದ ಎಡಗಡಿ ನೀ ಇದ್ದಿ. ಎರಡು ಸಲ ಎಡವಿದಿ."

ಕಿತ್ತ ತಂತಿ ಇನ್ನೂ ಅಮೋಘಪ್ಪನ ಕೈಯಲ್ಲೇ ಇತ್ತು. ಅವನು ಅದರ ಸಮೇತ ಕುಸಿದು ಕೂತ. ಪುತಳಾಬಾಯಿ ಅಳುತ್ತಲೇ ಮಾಸ್ತರನಿಗೆ ಕೈಮುಗಿದಳು.

"ನಿಮ್ಮ ಹುಡುಗಗ ಕರಕೊಂಡು ಬರ್ರಿ. ಇವತ್ತಿಂದನೇ ನೌಕರಿ."

ಮಾಸ್ತರನಿಗೆ ಹೋದ ಜೀವ ಬಂದಂತಾಯಿತು. ಕಂದೀಲು ಹಿಡಿದು ಹಿತ್ತಲಿಗೆ ಓಡಿದ. ಹೊಟ್ಟಿನ ಕೋಣೆಯ ಬಾಗಿಲಿಗೆ ಜೇಡರ ಬಲೆ ಹರಿಯದೆ ನಿಂತಿತ್ತು. ಒಳಗೆ ನರಪಿಳ್ಳೆಯಿಲ್ಲ. ಇಲಿಯ ಕಾಟಕ್ಕೆ ಯಾರೋ ಕಿಂಡಿಗೆ ಸಗಣಿ ಮೆತ್ತಿದ್ದರು. ಅದು ಒಣಗಿ ಗಟ್ಟಿಯಾಗಿತ್ತು.

ಬೀದಿಗೆ ಬಂದರೆ, ಮೈಯೆಲ್ಲ ಧೂಳಾಗಿ ಗುಲಾಮ್ ರಸೂಲ್ ಏದುಸಿರು ಬಿಡುತ್ತ ಬರುತ್ತಿದ್ದ.

"ಮಾಫ್ ಮಾಡ್ರಿ ಉಸ್ತಾದ್, ಮೋಟಾರ್ ಹಾದ್ಯಾಗ ಕೆಟ್ಟು ನಿಂತಿತ್ತು. ನಡಕೋತ ಬಂದೀನಿ. ನೌಕರಿ ಹೋಯ್ತೇನ್ರಿ?"

ಮಾಸ್ತರ ತಿರುಗಿ ವಾಡೆಯತ್ತ ನೋಡಿದ. ಆದರೂ ಶೆಡ್ಡು ಕಣ್ಮುಂದೆ ಬಂತು. ಮಾತಾಡಿದವರು ಯಾರಾದರೇನು, ನೌಕರಿ ನೌಕರಿಯೇ. ಶಿಷ್ಯನ ರಟ್ಟೆ ಹಿಡಿದು ಪಡಸಾಲೆಗೆ ನೂಕಿದ.

ಪುತಳಾಬಾಯಿ ತಲೆ ತಗ್ಗಿಸಿ ನಿಂತಿದ್ದಳು.

"ತಪ್ಪು ತಿಳ್ಕೋಬ್ಯಾಡ್ರಿ ಮಾಸ್ತರ. ನೀವು ಹಿತ್ತಲಕ್ಕ ಹೋದಾಗ ಅವರು ಮತ್ತ ಮಾತಾಡಿದ್ರು. ಪಗಾರ ಕೊಟ್ಟು ಆಳು ಇಡೋದು ಬ್ಯಾಡಂತ. ಒಳಗ ಖಾಲಿನೇ ಕುಂತೀನಿ, ರಿಪೇರಿ ನಾನೇ ಮಾಡ್ಕೋತೀನಿ ಅಂದ್ರು."

ಪೆಟ್ಟಿಗೆ ಹೌದೆಂಬಂತೆ ಕೆಮ್ಮಿತು.

"ಮಾಸ್ತರ, ಹಂಗೇ ಹೋಗಬ್ಯಾಡ್ರಿ. ಆ ವಾಲ್ವು ಹೆಂಗ ಕೂಡಸೋದು, ಒಂದೀಟು ಕಲಿಸಿ ಹೋಗ್ರಿ," ಎಂದಿತು ಪೆಟ್ಟಿಗೆ.

ಮಾಸ್ತರ ಪೆಟ್ಟಿಗೆಯ ಮುಂದೆ ಕೂತು ಪಾಠ ಹೇಳಿದ. ಮಾರನೆಯ ದಿನ ಶೆಡ್ಡಿಗೆ ಬೀಗ ಬಿತ್ತು. ಚಂದ್ರಶಾನ ಶಿಷ್ಯರಲ್ಲಿ ಕೆಲಸ ಸಿಕ್ಕವರು ಗೌಡರೊಬ್ಬರೇ. ಸತ್ತವರನ್ನು ಸಾಹೇಬರು ಲೆಕ್ಕಕ್ಕೆ ಹಿಡಿಯಲಿಲ್ಲ.